ಹದಿನಾಲ್ಕನೇ ನಂಬರಿನ ಕಲ್ಲು

ಮೀನಿನ ತೊಟ್ಟಿಗೆ ಹಾಕುವ ಕಲ್ಲನ್ನು ಸೋಪು ಹಚ್ಚಿ ತೊಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಅವರಿಗೆ ಗೊತ್ತಿಲ್ಲ, ಹೇಳಿದರೆ ತಿಳಿದುಕೊಳ್ಳುತ್ತಾರೆ. ಎಲ್ಲ ಗೊತ್ತಿದೆ ಎಂದುಕೊಂಡೇ ಮೀನು ಕೊಂದವಳು ನಾನು. ಆದ್ದರಿಂದ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನನ್ನ ಊರು ಕಾಸರಗೋಡು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಪ್ರಯೋಗಾಲಯದಲ್ಲಿ ಕಲ್ಲು ಕೊಯ್ಯುವುದು ನನ್ನ ಕೆಲಸ. ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದು, ಉಜ್ಜಿ, ಗಾಜಿಗೆ ಅಂಟಿಸಿ ಕೊಡುತ್ತೇನೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಓದುವವರು ಭೂವಿಜ್ಞಾನಿಗಳು. ನನಗೆ ಕಲ್ಲಿನ ವಿದ್ಯೆ ಹೇಳಿಕೊಟ್ಟ ಮೇಡಂ ಅಂಥವರಲ್ಲೊಬ್ಬರು. ಮೈಸೂರಿನವರು. ನಿವೃತ್ತಿಯಾದ ಮೇಲೆ ಕೊಚ್ಚಿಯ ಕಾಕ್ಕನಾಡಿನಲ್ಲಿ ಫ್ಲಾಟು ಕೊಂಡು ಗಂಡನೊಂದಿಗೆ ಅಲ್ಲಿದ್ದರು.

ಒಂದು ಸಂಜೆ ಅವರ ಫೋನು ಬಂತು.

"ತೊಟ್ಟಿ ಸೋರ್ತಿದೆ ಕಣೆ. ಎಡಪ್ಪಳ್ಳಿ ಅಂಗಡಿಯವನು ಹೊಸದು ಮಾಡಿಕೊಡ್ತೀನಿ ಅಂದಿದಾನೆ. ಆದ್ರೆ ಮೀನಿಗೆ ಏನಾದ್ರೂ ಆದ್ರೆ ಇವರನ್ನ ಹೇಗೆ ಸಂಭಾಳಿಸ್ಲಿ ಹೇಳು."

ಇವರು ಎಂದರೆ ಅವರ ಗಂಡ. ನಾವೆಲ್ಲ ಸಾರ್ ಎನ್ನುತ್ತಿದ್ದೆವು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಯಾರು ಕರೆದರೂ ತಿರುಗದ ಮನುಷ್ಯ ಮೀನಿನ ಕಡೆ ಮಾತ್ರ ನೋಡುತ್ತಿದ್ದರು. ಮೈಮೇಲೆ ಕೆಂಪು ಗೆರೆಯಿರುವ ಘಟ್ಟದ ಹೊಳೆಯ ಮೀನುಗಳು, ಒಟ್ಟು ಎಂಟು, ಎಲ್ಲವೂ ಅವರೇ ಮರಿಯಿಂದ ಸಾಕಿದ್ದು. ಬೆಳಿಗ್ಗೆ ಗಾಲಿಕುರ್ಚಿಯನ್ನು ತೊಟ್ಟಿಯ ಮುಂದೆ ತಂದು ನಿಲ್ಲಿಸಬೇಕು. ಅವರು ಎಡಗೈ ಬೆರಳಿನಿಂದ ಗಾಜನ್ನು ಒಂದೊಂದು ಮೀನಿಗೆ ಒಂದೊಂದು ಸಲ ಮುಟ್ಟುತ್ತಾರೆ. ಎಂಟು ಸಲ ಮುಟ್ಟಿದ ಮೇಲೆ ಕಾಫಿಗೆ ಕೈ ಚಾಚುತ್ತಾರೆ. ಎಂಟಾಗದೆ ಕಾಫಿ ಇಲ್ಲ. ದಿನದಲ್ಲಿ ಅವರು ತಾವಾಗಿ ಮಾಡುತ್ತಿದ್ದ ಕೆಲಸ ಅದೊಂದೇ.

"ಹೊಸ ತೊಟ್ಟಿಗೆ ನಮ್ಮ ಕಲ್ಲುಗಳನ್ನೇ ಹಾಕ್ಬೇಕು," ಎಂದರು ಮೇಡಂ. "ನಿನ್ನ ವರಾಂಡದಲ್ಲಿ ಬಿದ್ದಿವೆಯಲ್ಲ, ಅವು. ಒಂದೊಂದನ್ನೂ ಇವರೇ ಹೊತ್ಕೊಂಡು ಬಂದಿದ್ದು. ಗುರುತು ಹತ್ತಿದ್ರೂ ಹತ್ತಬಹುದು."

ಅವು ಕಚೇರಿಯ ಕಲ್ಲುಗಳಲ್ಲ. ಭಾನುವಾರಗಳಲ್ಲಿ ಗಂಡಹೆಂಡತಿ ಸ್ಕೂಟರಿನಲ್ಲಿ ಸುತ್ತಿ ಆಯ್ದು ತಂದ ಸ್ವಂತ ಸಂಗ್ರಹ. ಮನೆ ಬದಲಾಯಿಸುವಾಗ ಮೂರು ಗೋಣಿಚೀಲದಲ್ಲಿ ತುಂಬಿ ನನ್ನ ಕ್ವಾರ್ಟರ್ಸಿನ ವರಾಂಡದಲ್ಲಿ ಇಟ್ಟು ಹೋಗಿದ್ದರು.

"ಆಗಬಹುದು ಮೇಡಂ. ಆದರೆ ಒಂದು ತಿಂಗಳಾದರೂ ಬೇಕು."

"ಎರಡು ವಾರ. ಸೋರೋ ತೊಟ್ಟಿ ನಿನಗೋಸ್ಕರ ಕಾಯಲ್ಲ."

ಮೇಡಂ ಹೇಳಿದ ಮೇಲೆ ಮುಗಿಯಿತು. ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದವಳು, ಇಲ್ಲ ಎಂದು ಹೇಳಿ ಅಭ್ಯಾಸವಿರಲಿಲ್ಲ.

ಆ ಶನಿವಾರವೇ ಚೀಲ ಬಿಚ್ಚಿದೆ. ಮೊದಲು ಬೇಡದ್ದನ್ನು ಬೇರ್ಪಡಿಸಬೇಕು. ಹಿತ್ತಾಳೆಯ ಹಾಗೆ ಹೊಳೆಯುವ ಕಣಗಳಿದ್ದ ಕಲ್ಲು ಹೊರಗೆ. ಅದರಲ್ಲಿ ಗಂಧಕ ಇರುತ್ತದೆ, ನೀರಿನಲ್ಲಿ ಕೂತರೆ ಹುಳಿಯಾಗುತ್ತದೆ. ಹಸಿರು ಕಲೆಯಿದ್ದದ್ದು ಹೊರಗೆ. ಅದು ತಾಮ್ರ, ಮೀನಿಗೆ ವಿಷ. ಅಮೃತಶಿಲೆ, ಸುಣ್ಣಕಲ್ಲು ಹೊರಗೆ. ಅವು ಕರಗಿ ನೀರನ್ನು ಗಡಸು ಮಾಡುತ್ತವೆ, ಈ ಮೀನಿಗೆ ಬೇಕಾದದ್ದು ಮೆದು ನೀರು. ನಮ್ಮೂರಿನ ಕೆಂಪುಕಲ್ಲಿನ ಒಂದು ತುಂಡೂ ಇತ್ತು, ಕೈಯಲ್ಲೇ ಪುಡಿಯಾಗುತ್ತಿತ್ತು. ಊರಿನ ಕಲ್ಲೆಂದು ಸ್ವಲ್ಪ ಹೊತ್ತು ಹಿಡಿದುಕೊಂಡೆ, ಅದನ್ನೂ ಹೊರಗಿಟ್ಟೆ. ಕೊನೆಗೆ ಉಳಿದದ್ದು ಹನ್ನೊಂದು. ಕರಿಕಲ್ಲು, ಪಟ್ಟೆಕಲ್ಲು, ಬೆಣಚು, ಎಲ್ಲವೂ ಗಟ್ಟಿ ಜಾತಿಯವು.

ನಂತರ ಆಮ್ಲದ ಪರೀಕ್ಷೆ. ಕಲ್ಲಿನ ಮೂಲೆಯಲ್ಲಿ ಸುತ್ತಿಗೆಯಿಂದ ಒಂದು ಚೂರು ಹಾರಿಸಿ, ಒಳಗಿನ ಹೊಸ ಮುಖದ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡುವುದು. ನೊರೆ ಬಂದರೆ ಸುಣ್ಣ ಇದೆ ಎಂದು ಅರ್ಥ. ಇದು ಮೇಡಂ ನನಗೆ ಕಲಿಸಿದ ಮೊದಲ ಪಾಠ. ಕಲ್ಲಿನ ಹೊರಗಿನ ತೊಗಟೆ ಬಿಸಿಲು ಮಳೆಗೆ ಕೆಟ್ಟಿರುತ್ತದೆ, ಅದನ್ನು ನಂಬಬಾರದು, ಒಡೆದು ಹೊಸ ಮುಖ ನೋಡಬೇಕು. ನಮ್ಮ ವೃತ್ತಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಹನ್ನೊಂದರಲ್ಲಿ ಒಂದರಲ್ಲೂ ನೊರೆ ಬರಲಿಲ್ಲ. ನನಗೆ ಖುಷಿಯಾಯಿತು.

ಅತಿ ಹೆಚ್ಚು ಕೆಲಸ ಕೊಟ್ಟದ್ದು ನಂಬರುಗಳು. ಸಂಗ್ರಹದ ಕಲ್ಲಿನ ಮೇಲೆ ಉಗುರಿನಗಲ ಬಿಳಿ ಎನಾಮೆಲ್ ಬಳಿದು, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ನಂಬರು ಬರೆದು, ಮೇಲೆ ವಾರ್ನಿಷ್ ಹಚ್ಚುವುದು ನಮ್ಮ ಪದ್ಧತಿ. ಇಲ್ಲಿನ ನಂಬರುಗಳು ಕನ್ನಡ ಅಂಕಿಯಲ್ಲಿದ್ದವು, ಕಚೇರಿಯ ಕಲ್ಲುಗಳ ಜೊತೆ ಬೆರೆಯದಿರಲೆಂದು ಇರಬೇಕು. ಮುದ್ದಾದ ದುಂಡು ಅಂಕಿಗಳು. ಆದರೆ ಹಳೆಯ ಬಿಳಿ ಬಣ್ಣದಲ್ಲಿ ಸೀಸ ಇರುತ್ತಿತ್ತು. ಅದು ನೀರಿಗೆ ಇಳಿಯಬಾರದು. ಒಂದೊಂದು ಕಲ್ಲಿನ ಚಿತ್ರ ಬರೆದು, ನಂಬರನ್ನು ನೋಟುಬುಕ್ಕಿನಲ್ಲಿ ನಕಲು ಮಾಡಿಕೊಂಡೆ. ಆಮೇಲೆ ಧೂಳು ಏಳದಂತೆ ಕಲ್ಲನ್ನು ಒದ್ದೆ ಮಾಡಿ, ಬ್ಲೇಡಿನಿಂದ ಕೆರೆದು, ಅಸಿಟೋನ್ ಹಚ್ಚಿ ಒರೆಸಿ, ಮರಳುಕಾಗದದಿಂದ ಉಜ್ಜಿದೆ. ಎರಡು ಭಾನುವಾರ ಅದಕ್ಕೇ ಹೋಯಿತು. ಕೆಲಸ ಮುಗಿದಾಗ ಎಲ್ಲಿ ಬಣ್ಣ ಇತ್ತೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಕೈಕೆಲಸದ ಬಗ್ಗೆ ನನಗೆ ಸ್ವಲ್ಪ ಅಹಂಕಾರ ಉಂಟು, ಒಪ್ಪಿಕೊಳ್ಳುತ್ತೇನೆ.

ಪಕ್ಕದ ಕ್ವಾರ್ಟರ್ಸಿನ ಚೇಚಿ, ಮಲಯಾಳದಲ್ಲಿ ಅಕ್ಕ ಎಂದು ನಾನು ಕರೆಯುವವರು, ಬೇಲಿಯಾಚೆಯಿಂದ ಇದನ್ನೆಲ್ಲ ನೋಡಿ, ಇಷ್ಟೆಲ್ಲ ಯಾಕೆ, ದೊಡ್ಡ ಪಾತ್ರೆಯಲ್ಲಿ ಹಾಕಿ ಕುದಿಸಬಾರದಾ ಎಂದು ಕೇಳಿದರು. ಕಲ್ಲಿನ ಬಿರುಕಿನಲ್ಲಿ ನೀರು ಸಿಕ್ಕಿಕೊಂಡಿದ್ದರೆ ಕುದಿಸುವಾಗ ಸಿಡಿಯುತ್ತದೆ, ಕಣ್ಣು ಹೋಗಬಹುದು ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಮಾತು ಮುಂದುವರಿಸಿದರು.

ಆಮ್ಲದ ಕುರುಹು ಹೋಗುವ ತನಕ ತೊಳೆದೆ. ಆಮ್ಲ ಮತ್ತು ಬ್ಲೀಚು ಸೇರಿದರೆ ವಿಷದ ಗಾಳಿ ಏಳುತ್ತದೆ, ಆದ್ದರಿಂದ ನಡುವೆ ಒಂದು ದಿನ ಬಿಟ್ಟೆ. ಆಮೇಲೆ ತೆಳು ಬ್ಲೀಚಿನಲ್ಲಿ ನಾಲ್ಕು ಗಂಟೆ ನೆನೆಸಿ, ಪಾಚಿ ಸತ್ತ ಮೇಲೆ ನೈಲಾನ್ ಬ್ರಷ್ಷಿನಿಂದ ತಿಕ್ಕಿದೆ. ತಂತಿ ಬ್ರಷ್ಷು ಬಳಸಲಿಲ್ಲ, ಅದು ಕಬ್ಬಿಣ ಬಿಟ್ಟುಹೋಗುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿನಲ್ಲಿ ಒಣಗಿಸಿದೆ.

ಇನ್ನೊಂದು ಹೆಜ್ಜೆ ಬಾಕಿ ಇತ್ತು. ತೊಟ್ಟಿಯದೇ ನೀರಿನಲ್ಲಿ ಕಲ್ಲನ್ನು ಒಂದೆರಡು ವಾರ ಬಕೆಟಿನಲ್ಲಿಟ್ಟು, ನೀರು ಬದಲಾಗುತ್ತದೆಯೇ ಎಂದು ನೋಡುವುದು. ಮೇಡಂಗೆ ಫೋನು ಮಾಡಿ ಕೇಳಿದೆ.

"ಆಸಿಡ್ ಟೆಸ್ಟ್ ಮಾಡಿದ್ಯಲ್ಲ?"

"ಮಾಡಿ ಆಗಿದೆ. ಎಂತದೂ ಬರಲಿಲ್ಲ."

"ಮತ್ತಿನ್ನೇನು? ಕರಿಕಲ್ಲು ಕರಗುತ್ತಾ? ತಗೊಂಡು ಬಾ."

ನನಗೂ ಅದೇ ಬೇಕಿತ್ತು. ಎರಡು ದೊಡ್ಡ ಬ್ಯಾಗುಗಳಲ್ಲಿ ಕಲ್ಲು ತುಂಬಿಕೊಂಡು ಬೆಳಗಿನ ರೈಲು ಹತ್ತಿದೆ. ಸೀಟಿನ ಕೆಳಗೆ ತಳ್ಳಲು ಸಹಾಯ ಮಾಡಿದವರೊಬ್ಬರು ಸೊಂಟ ಹಿಡಿದುಕೊಂಡು, ಒಳಗೆ ಏನು ಎಂದು ಕೇಳಿದರು. ಕಲ್ಲು ಎಂದೆ. ಎರ್ನಾಕುಲಂ ಬರುವವರೆಗೆ ಅವರು ನನ್ನ ಜೊತೆ ಮಾತಾಡಲಿಲ್ಲ.

ಕಾಕ್ಕನಾಡಿನ ಫ್ಲಾಟಿನಲ್ಲಿ ಹೊಸ ತೊಟ್ಟಿ ಬಂದು ಕೂತಿತ್ತು. ಗಾಜಿನ ತಳ ಒಡೆಯದಿರಲೆಂದು ಪ್ಲಾಸ್ಟಿಕ್ ಜಾಲರಿ ಹಾಸಿ, ದೊಡ್ಡ ಕಲ್ಲುಗಳನ್ನು ಮೊದಲು ಕೂರಿಸಿ, ಆಮೇಲೆ ಮರಳು ಸುರಿದೆವು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ತೋಡಿ ಕಲ್ಲು ಉರುಳುತ್ತದೆ. ನೀರು ಶುದ್ಧ ಮಾಡುವ ಸೂಕ್ಷ್ಮಜೀವಿಗಳು ಉಳಿಯಲೆಂದು ಹಳೆಯ ಫಿಲ್ಟರನ್ನು ತೊಳೆಯದೆ ಹಾಗೇ ತಂದು ಹಚ್ಚಿದೆವು. ಕೊನೆಯಲ್ಲಿ ಸಾರ್ ಮಾಡುತ್ತಿದ್ದ ಹಾಗೆ ಎರಡು ಒಣ ಬಾದಾಮಿ ಎಲೆ ತೇಲಿಬಿಟ್ಟರು ಮೇಡಂ. ಅದು ನೀರನ್ನು ತುಸು ಹುಳಿಯಾಗಿ, ಚಹಾ ಬಣ್ಣಕ್ಕೆ ತರುತ್ತದೆ. ಸುಣ್ಣ ಅಳೆಯುವ ಕಿಟ್ಟು ತೆಗೆದು ನೋಡಿದೆ. ಐದು ಮಿಲಿ ನೀರಿಗೆ ಒಂದೊಂದೇ ಹನಿ ಬಿಡಬೇಕು, ನೀಲಿ ಹೋಗಿ ಹಳದಿ ಬಂದಾಗ ನಿಲ್ಲಿಸಬೇಕು. ಹನಿ ಹೆಚ್ಚಿದಷ್ಟೂ ಸುಣ್ಣ ಹೆಚ್ಚು. ಎರಡು ಹನಿಗೆ ಹಳದಿಯಾಯಿತು. ಸೊಗಸಾದ ಮೆದು ನೀರು.

ಸಾರನ್ನು ಕರೆತಂದವಳು ಅವರನ್ನು ನೋಡಿಕೊಳ್ಳುವ ಹೋಂ ನರ್ಸ್, ಇಡುಕ್ಕಿ ಕಡೆಯ ಹುಡುಗಿ. ಸಾರ್ ಎಂಟು ಸಲ ಗಾಜು ಮುಟ್ಟಿದರು. ಆಮೇಲೆ ಬೆರಳು ಕೆಳಗಿಳಿದು ಎಡಮೂಲೆಯ ದೊಡ್ಡ ಕಲ್ಲಿನೆದುರು ನಿಂತಿತು. ಅಲ್ಲೇ ಒತ್ತಿದರು, ಕುರ್ಚಿಯ ಕೈಯನ್ನು ಗುದ್ದಿದರು, ಮತ್ತೆ ಒತ್ತಿದರು.

"ಸಾರಿನ್ ಎಂದೋ ವೇಣಂ, ಚೇಚಿ," ಎಂದಳು ನರ್ಸ್. ಸಾರಿಗೆ ಏನೋ ಬೇಕಂತೆ.

"ಖುಷಿ ಕಣೆ ಅದು. ಕಲ್ಲು ಗುರುತು ಸಿಕ್ಕಿದೆ," ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತ. ನಾನೂ ಹಾಗೇ ನಂಬಿಕೊಂಡು ಸಂಜೆಯ ರೈಲಿಗೆ ಹೊರಟೆ.

ಹನ್ನೊಂದನೇ ದಿನ ಫೋನು ಬಂತು. ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು, ಕೆಂಪು ಗೆರೆ ಮಾಸಿತ್ತು. ಒಂದು ಬೆಳಿಗ್ಗೆ ಸತ್ತಿತ್ತು. ಸಾರ್ ಏಳು ಸಲ ಮುಟ್ಟಿ ಎಂಟನೆಯದನ್ನು ಹುಡುಕುತ್ತ ಮಧ್ಯಾಹ್ನದವರೆಗೆ ಗಾಜಿನ ಮುಂದೆಯೇ ಇದ್ದರಂತೆ. ಕಾಫಿ ಕುಡಿದಿರಲಿಲ್ಲ, ಊಟವೂ ಬೇಡವಾಗಿತ್ತು.

ಮೇಲಧಿಕಾರಿಗೆ ಹತ್ತು ದಿನದ ರಜೆ ಬರೆದುಕೊಟ್ಟು ಹೊರಟೆ. ಹೋದವಳೇ ಕಿಟ್ಟು ತೆಗೆದೆ. ಎರಡು ಹನಿಗೆ ಹಳದಿಯಾಗುತ್ತಿದ್ದ ನೀರು ಒಂಬತ್ತು ಹನಿಯವರೆಗೆ ನೀಲಿಯಾಗಿಯೇ ಉಳಿಯಿತು. ನೀರಿನಲ್ಲಿ ಸುಣ್ಣ ಏರಿದರೆ ಕ್ಷಾರ ಏರುತ್ತದೆ, ಕ್ಷಾರ ಏರಿದರೆ ಮೀನಿನ ಹೊಲಸಿನಲ್ಲಿರುವ ಸ್ವಲ್ಪ ಅಮೋನಿಯವೂ ವಿಷವಾಗುತ್ತದೆ. ಮೀನಿಗೆ ಉಸಿರು ಕಟ್ಟುವುದು ಹಾಗೆ.

"ಫ್ಲಾಟಿನ ನೀರು ಕಣೆ," ಎಂದರು ಮೇಡಂ. "ಟ್ಯಾಂಕರಿನಲ್ಲಿ ಎಲ್ಲಿಂದ ತರ್ತಾರೋ ಏನೋ."

ಅಡುಗೆಮನೆಯ ನಲ್ಲಿ ನೀರನ್ನು ಪರೀಕ್ಷಿಸಿದೆ. ಎರಡೇ ಹನಿ.

"ನೀರಲ್ಲ ಮೇಡಂ. ಕಲ್ಲು."

"ಹನ್ನೊಂದೂ ಪಾಸಾಗಿವೆ ಅಂದಿದ್ದು ನೀನೇ. ಮರಳು ಇರಬೇಕು."

ಮರಳಿನ ಮೇಲೆ ಆಮ್ಲ ಬಿಟ್ಟು ತೋರಿಸಿದೆ. ನೊರೆ ಇಲ್ಲ.

"ಎಲ್ಲಾ ಕಲ್ಲನ್ನೂ ತೆಗಿಬೇಕು ಮೇಡಂ. ಒಂದೊಂದನ್ನು ಒಂದೊಂದು ಬಕೆಟಿನಲ್ಲಿ ಹಾಕುವ. ಯಾವುದು ಅಂತ ಗೊತ್ತಾಗ್ಲಿಕ್ಕೆ ಬೇರೆ ದಾರಿ ಇಲ್ಲ."

"ತೊಟ್ಟಿ ಖಾಲಿ ಮಾಡಿದ್ರೆ ಇವರು ಏನಾಗ್ತಾರೆ ಗೊತ್ತಾ ನಿನಗೆ? ಮೂವತ್ತು ವರ್ಷ ಕಲ್ಲು ಓದಿದೀನಿ ನಾನು. ನೀರು ಬದಲಾಯಿಸು, ಸಾಕು."

ಒಂದು ಕ್ಷಣ ಬಕೆಟ್ಟು ಎತ್ತಿಕೊಂಡು ನೀರು ಬದಲಾಯಿಸಲು ಹೊರಟೇಬಿಟ್ಟಿದ್ದೆ. ಅಭ್ಯಾಸಬಲ. ಆದರೆ ನೀರು ಬದಲಾಯಿಸಿದರೆ ಇನ್ನೊಂದು ವಾರಕ್ಕೆ ಮತ್ತದೇ ಆಗುತ್ತದೆ. ಬೆಳಿಗ್ಗೆ ಸಾರ್ ಗಾಜು ಮುಟ್ಟುವುದು ಆರಕ್ಕೆ ನಿಲ್ಲುತ್ತದೆ, ಆಮೇಲೆ ಐದಕ್ಕೆ ನಿಲ್ಲುತ್ತದೆ. ಅದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

"ಇಲ್ಲ ಮೇಡಂ," ಎಂದೆ. "ನಾನು ತೆಗಿತೇನೆ. ನೀವು ಬೈದರೂ ತೆಗಿತೇನೆ."

ಮೇಡಂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಸೆರಗು ಸಿಕ್ಕಿಸಿಕೊಂಡು ತೋಳಿನವರೆಗೆ ನೀರಿಗೆ ಕೈ ಇಳಿಸಿದೆ.

ಏಳು ಮೀನುಗಳನ್ನು ಫಿಲ್ಟರಿನ ಸಮೇತ ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಸಾಗಿಸಿದೆವು. ಒಮ್ಮೆಲೇ ಮೆದು ನೀರಿಗೆ ಬಿಟ್ಟರೆ ಅದೂ ಪೆಟ್ಟು, ಆದ್ದರಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿದೆ. ನರ್ಸ್ ಹುಡುಗಿ ಅಕ್ಕಪಕ್ಕದ ಫ್ಲಾಟುಗಳ ಬೆಲ್ಲು ಒತ್ತಿ ಬಕೆಟ್ಟು ಕೇಳಿ ತಂದಳು. ಬಾಲ್ಕನಿಯಲ್ಲಿ ಹನ್ನೆರಡು ಬಕೆಟ್ಟು ಸಾಲಾದವು, ಹಸಿರು, ಕೆಂಪು, ಒಂದರ ಮೇಲೆ ಗೊಂಬೆಯ ಚಿತ್ರ. ಹನ್ನೊಂದರಲ್ಲಿ ಕಲ್ಲು, ಹನ್ನೆರಡನೆಯದರಲ್ಲಿ ಬರೀ ನೀರು, ಹೋಲಿಸಲು. ಎಲ್ಲದಕ್ಕೂ ಒಂದೇ ನಲ್ಲಿಯ ನೀರು, ಒಂದೇ ಅಳತೆ, ಒಂದೊಂದು ಬಾದಾಮಿ ಎಲೆ. ದಿನಾ ಬೆಳಿಗ್ಗೆ ಹನ್ನೆರಡು ಸಲ ಹನಿ ಎಣಿಸಿ ನೋಟುಬುಕ್ಕಿನಲ್ಲಿ ಬರೆದೆ.

ಸಾರ್ ಟಬ್ಬಿನ ಪಕ್ಕ ಕೂತರೆ ಮೀನು ಸರಿಯಾಗಿ ಕಾಣುತ್ತಿರಲಿಲ್ಲ. ಅವರು ಬಾಲ್ಕನಿಯ ಕಡೆಗೆ ಕೈ ತೋರಿಸಿ ಕುರ್ಚಿ ಗುದ್ದುತ್ತಿದ್ದರು. ಮೀನು ಎಲ್ಲಿ ಎಂದು ಕೇಳುತ್ತಿದ್ದಾರೆಂದುಕೊಂಡು ನಾವು ಟಬ್ಬಿನ ಹತ್ತಿರ ತಳ್ಳುತ್ತಿದ್ದೆವು. ಗುದ್ದುವುದು ಹೆಚ್ಚಾಗುತ್ತಿತ್ತು. ಮೇಡಂ ನನ್ನೊಂದಿಗೆ ಊಟ ಬಡಿಸುವಷ್ಟು ಮಾತ್ರ ಮಾತಾಡುತ್ತಿದ್ದರು.

ಎರಡನೇ ದಿನ ಎಲ್ಲವೂ ಎರಡು ಹನಿ. ಮೂರನೇ ದಿನ ಒಂದು ಬಕೆಟ್ಟು ಮೂರಕ್ಕೆ ಹೋಯಿತು. ಐದನೇ ದಿನ ಅದೇ ಬಕೆಟ್ಟು ಆರು, ಉಳಿದವೆಲ್ಲ ಎರಡೇ. ನೋಟುಬುಕ್ಕು ನೋಡಿದೆ. ಎಡಮೂಲೆಯಲ್ಲಿದ್ದ ದೊಡ್ಡ ಕಲ್ಲು, ನಂಬರು ೧೪.

ಹೊರಗೆ ತೆಗೆದು ತಿರುಗಿಸಿ ಟಾರ್ಚು ಬಿಟ್ಟು ನೋಡಿದೆ. ಅಡಿಯಲ್ಲಿ ಬೆರಳು ಹೋಗುವಷ್ಟು ಒಂದು ತೂತು, ಕಲ್ಲಿನದೇ ಬಣ್ಣದ ಕಂದು ಹೆಂಟೆಯಿಂದ ಮುಚ್ಚಿಹೋಗಿತ್ತು. ದಬ್ಬಣದಿಂದ ಕೆದಕಿದೆ. ಒಳಗಿನಿಂದ ಚಿಪ್ಪಿನ ಪುಡಿ ಬಂತು. ಮರಳು, ಮರುವಾಯಿ ಚಿಪ್ಪಿನ ಚೂರು, ಸಮುದ್ರದ ಹುಳ ಕಟ್ಟಿದ ಸುಣ್ಣದ ಕೊಳವೆ, ಎಲ್ಲ ಗಟ್ಟಿಯಾಗಿ ಸೇರಿಕೊಂಡು ಒಳಗಿನವರೆಗೆ ಹೋಗಿತ್ತು. ತೂತಿಗೆ ಒಂದು ಹನಿ ಆಮ್ಲ ಬಿಟ್ಟೆ. ಗೋಲಿಸೋಡದ ಹಾಗೆ ಉಕ್ಕಿತು.

ಮೇಡಂ ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಿರಲಿಲ್ಲ.

"ವಿಳಿಞ್ಞಂ ಕಡೆಯ ಬಂಡೆ," ಎಂದರು. "ಅಲೆ ಹೊಡೆಯೋ ಜಾಗ. ಕಲ್ಲು ಒಳಗೆ ಏನು ಅಂತ ನೋಡಿದ್ವಿ. ಮೀನು ಕಲ್ಲಿನ ಒಳಗೆ ಇರುತ್ತಾ?"

ಕಲ್ಲಿನ ಹೆಸರು ಹೇಳಲು ಹೊಸ ಮುಖ ಬೇಕು. ಮೀನಿಗೆ ತಗಲುವುದು ನಾವು ನಂಬಬಾರದೆಂದು ಬಿಟ್ಟ ಹಳೆಯ ತೊಗಟೆ. ಮನೆಯಲ್ಲಿ ಮೀನು ಸಾಕುವ ಯಾರೇ ಆಗಿದ್ದರೂ ಹೊರಮೈಗೇ ಹನಿ ಬಿಡುತ್ತಿದ್ದರು, ತೂತಿನೊಳಗೂ ಬಿಡುತ್ತಿದ್ದರು. ಕಲಿತವರಾದ್ದರಿಂದ ನಾವು ಒಡೆದು ನೋಡಿದೆವು.

"ತೊಳೆದ್ರೆ ಆಗಲ್ವಾ?" ಎಂದು ಕೇಳಿದರು ಮೇಡಂ. ಅವರ ದನಿಯಲ್ಲಿ ಅಷ್ಟು ದೈನ್ಯ ನಾನು ಕೇಳಿರಲಿಲ್ಲ. "ಇವರಿಗೆ ಈ ಕಲ್ಲು ಅಂದ್ರೆ... ತಿರುವನಂತಪುರಕ್ಕೆ ಬಂದ ಮೊದಲ ವರ್ಷದ್ದು. ಸ್ಕೂಟರಿನಲ್ಲಿ ಕಾಲ ಮಧ್ಯೆ ಇಟ್ಕೊಂಡು ಬಂದಿದ್ರು. ಪೊಲೀಸಿನವನು ನಿಲ್ಲಿಸಿ ನಕ್ಕಿದ್ದ."

ಎರಡು ದಿನ ಆಮ್ಲ ಸುರಿದು, ಕೆದಕಿ, ತೊಳೆದು, ಮತ್ತೆ ಬಕೆಟಿಗೆ ಹಾಕಿದೆ. ನಾನು ಊರಿಗೆ ಮರಳುವ ಹಿಂದಿನ ದಿನ ಬೆಳಿಗ್ಗೆ ಹನಿ ಎಣಿಸಿದೆ. ಮೂರು. ಎಲ್ಲೋ ಒಳಗೆ ಇನ್ನೂ ಇತ್ತು.

"ಇದು ನೀರಿಗೆ ಬೇಡ ಮೇಡಂ."

"ಬೇಡ," ಎಂದರು ಅವರೂ.

ಉಳಿದ ಹತ್ತು ಕಲ್ಲುಗಳನ್ನು ತೊಟ್ಟಿಯಲ್ಲಿ ಮತ್ತೆ ಕೂರಿಸಿ, ನೀರು ತುಂಬಿ, ಮೀನುಗಳನ್ನು ಬಿಟ್ಟೆವು. ಹದಿನಾಲ್ಕನೆಯದನ್ನು ಒರೆಸಿ ಎಲ್ಲಿಡುವುದೆಂದು ತೋಚದೆ ಹಿಡಿದುಕೊಂಡು ನಿಂತಿದ್ದೆ. ಸಾರ್ ಎಡಗೈ ಚಾಚಿದರು. ಕೆಳಗೆ ಬೀಳಿಸಿಕೊಂಡಾರು ಎಂದು ನರ್ಸ್ ತೊಡೆಯ ಮೇಲೆ ದಿಂಬಿಟ್ಟಳು, ನಾನು ಅದರ ಮೇಲೆ ಕಲ್ಲಿಟ್ಟೆ. ಗುದ್ದುವುದು ನಿಂತಿತು. ಹೆಬ್ಬೆರಳು ಕಲ್ಲಿನ ಮೇಲೆ ಓಡಾಡತೊಡಗಿತು. ಒಂದು ಬದಿ ಸವರಿ, ಕಷ್ಟಪಟ್ಟು ಹೊರಳಿಸಿ ಇನ್ನೊಂದು ಬದಿ ಸವರಿದರು. ಮತ್ತೆ ಮೊದಲಿನ ಬದಿ. ಎಂಟನೇ ಮೀನನ್ನು ಹುಡುಕುವಾಗಲೂ ಅವರ ಮುಖ ಹೀಗೇ ಇತ್ತೆಂದು ನರ್ಸ್ ಹೇಳಿದಳು.

"ನಂಬರ್ ಹುಡುಕ್ತಿದಾರೆ," ಎಂದರು ಮೇಡಂ ನಿಧಾನವಾಗಿ. "ಬಿಳಿ ಬಣ್ಣ ನಾನು ಹಚ್ತಿದ್ದೆ. ನಂಬರ್ ಬರೀತಿದ್ದಿದ್ದು ಇವರು. ಲೆಡ್ಜರ್ ಬರೆದ ಕೈ, ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ನನಗೆ ಬರೆಯೋಕೆ ಬಿಡ್ತಿರಲಿಲ್ಲ."

ನಾನು ಗೋಡೆಗೆ ಒರಗಿ ಕೂತುಬಿಟ್ಟೆ. ಆ ದುಂಡು ಅಂಕಿಗಳು ಬಿದ್ದುಹೋದ ಆ ಬಲಗೈಯವು. ಹನ್ನೊಂದನ್ನೂ ಬ್ಲೇಡು ಹಿಡಿದು ಕೆರೆದು, ಕುರುಹು ಉಳಿಯದಂತೆ ಉಜ್ಜಿ, ಹೆಮ್ಮೆ ಪಟ್ಟಿದ್ದೆ. ಸೀಸದ ಬಣ್ಣ ಕೆರೆಯಲೇಬೇಕಿತ್ತು, ಅದು ಸರಿ. ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಒಂದು ಕಲ್ಲನ್ನಾದರೂ ಹಾಗೇ ಉಳಿಸಬಹುದಿತ್ತು. ನನಗೆ ಅಳು ಬಂತು, ಅತ್ತೆ. ಮೇಡಂ ಬಂದು ಪಕ್ಕದಲ್ಲಿ ಕೂತರು.

ಆಮೇಲೆ ಎದ್ದು ಮುಖ ತೊಳೆದು ಎಡಪ್ಪಳ್ಳಿಗೆ ಹೋದೆ. ಸೀಸವಿಲ್ಲದ ಬಿಳಿ ಬಣ್ಣದ ಸಣ್ಣ ಡಬ್ಬಿ, ಕಪ್ಪು ಶಾಯಿಯ ಪೆನ್ನು, ವಾರ್ನಿಷ್ ತಂದೆ. ನೋಟುಬುಕ್ಕಿನ ಚಿತ್ರ ನೋಡಿ, ಮೊದಲು ಇದ್ದ ಜಾಗದಲ್ಲೇ ಬಳಿದೆ. ಬೇಗ ಒಣಗಲೆಂದು ನರ್ಸ್ ಫ್ಯಾನು ಜೋರು ಮಾಡಿದಳು. ನಾನೇ ಬರೆಯೋಣವೆಂದು ಪೆನ್ನು ತೆರೆದೆ. ಸಾರ್ ಪೆನ್ನಿಗೆ ಎಡಗೈ ಚಾಚಿದರು.

ಎರಡು ಅಂಕಿಗೆ ತುಂಬಾ ಹೊತ್ತು ಹಿಡಿಯಿತು. ಒಂದು ಸಲ ಪೆನ್ನು ಜಾರಿತು, ಮೇಡಂ ಎತ್ತಿಕೊಟ್ಟರು. ಒಂದರ ಸುತ್ತು ದುಂಡಾಗಲೇ ಇಲ್ಲ, ನಾಲ್ಕರ ಬಾಲ ಬಿಳಿ ಬಣ್ಣ ದಾಟಿ ಕಲ್ಲಿನ ಮೇಲೆ ಹೋಯಿತು.

"ಕೋಳಿ ಕೆದಕಿದ ಹಾಗಿದೆ," ಎಂದರು ಮೇಡಂ.

ಸಾರ್ ತಲೆಯೆತ್ತಿ ಮೇಡಂ ಮುಖ ನೋಡಿದರು. ಎರಡು ವರ್ಷದಲ್ಲಿ ತಮ್ಮ ಕಡೆ ನೋಡಿದ್ದು ಅದೇ ಮೊದಲು ಎಂದು ಮೇಡಂ ಆಮೇಲೆ ಹೇಳಿದರು. ನಾನು ಅಂಕಿಯ ಮೇಲೆ, ಬಾಲದ ಮೇಲೂ, ವಾರ್ನಿಷ್ ಹಚ್ಚಿದೆ.

ಮರುದಿನ ಬೆಳಿಗ್ಗೆ ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ತೊಟ್ಟಿಯ ನೀರು ಎರಡು ಹನಿಗೆ ಹಳದಿಯಾಯಿತು. ಮೀನುಗಳ ಕೆಂಪು ಗೆರೆ ಸ್ವಲ್ಪ ಮರಳಿತ್ತು. ನರ್ಸ್ ಕುರ್ಚಿಯನ್ನು ಮುಂದೆ ತಂದು ನಿಲ್ಲಿಸಿದಳು, ಕಲ್ಲು ದಿಂಬಿನ ಮೇಲಿತ್ತು. ಮೇಡಂ ಕಾಫಿ ಹಿಡಿದುಕೊಂಡು, ಇವತ್ತೂ ಕುಡಿಯುವುದಿಲ್ಲ ಎಂಬ ಮುಖ ಮಾಡಿ ನಿಂತಿದ್ದರು. ಸಾರ್ ಗಾಜನ್ನು ಏಳು ಸಲ ಮುಟ್ಟಿದರು. ಬೆರಳು ಗಾಳಿಯಲ್ಲಿ ನಿಂತಿತು. ಆಮೇಲೆ ಕೆಳಗಿಳಿದು ಕಲ್ಲಿನ ಮೇಲಿನ ನಂಬರನ್ನು ಒಂದು ಸಲ ಮುಟ್ಟಿತು.

ಅವರು ಕಾಫಿಗೆ ಕೈ ಚಾಚಿದರು.